ಗುಡ್ಡಕ್ಕೆ ಹಿಂದಿನ ಸಂಜೆ

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಕಿಂಡರ್ ಸ್ಕೌಟ್‌ಗಿಂತ ಎತ್ತರದ ಜಾಗವಿಲ್ಲ. ಆ ಎತ್ತರ 636 ಮೀಟರ್. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದು ನಿಂತವರೂ ಇದಕ್ಕಿಂತ ಮೇಲೆಯೇ ಇರುತ್ತಾರೆ. ಇಂಥ ಗುಡ್ಡ ಹತ್ತಲು ಹಿಂದಿನ ಸಂಜೆಯೇ ನಾನು ಊಟದ ಮೇಜಿನ ತುಂಬ ನಕ್ಷೆ ಹರಡಿಕೊಂಡು ಕೂತರೆ ನನ್ನವಳಿಗೆ ನಗು. “ಮಗಳ ಮದುವೆಗೂ ನೀವು ಇಷ್ಟು ಲೆಕ್ಕ ಹಾಕಿರಲಿಲ್ಲ ಕಣ್ರೀ” ಅನ್ನುತ್ತಾಳೆ.

ನಕ್ಷೆ ಆರ್ಡ್‌ನೆನ್ಸ್ ಸರ್ವೆಯದು. ನೆಲದ ಮೇಲಿನ ಒಂದು ಕಿಲೋಮೀಟರಿಗೆ ಹಾಳೆಯ ಮೇಲೆ 4 ಸೆಂಟಿಮೀಟರ್. ಹೊಲಗಳ ನಡುವಿನ ಕಲ್ಲುಗೋಡೆ ಕೂಡ ಗೆರೆಯಾಗಿ ಕಾಣುತ್ತದೆ. ಹೊಲಿಗೆ ಡಬ್ಬಿಯಿಂದ ದಾರ ತೆಗೆದು, ಈಡೇಲ್ ರೈಲು ನಿಲ್ದಾಣದಿಂದ ಜೇಕಬ್ಸ್ ಲ್ಯಾಡರ್ ಎಂಬ ಕಲ್ಲು ಮೆಟ್ಟಿಲುಗಳ ಏರು ಹತ್ತಿಸಿ, ನೆತ್ತಿಯ ಮೇಲಿನ ಕಿಂಡರ್ ಲೋ ಮುಟ್ಟಿಸಿ, ಗುಡ್ಡದ ಅಂಚಿನಲ್ಲೇ ಬಳಸಿ ಈಡೇಲ್‌ಗೆ ಇಳಿಸುತ್ತೇನೆ. ಬೆರಳಡಿ ಜಾರುವ ದಾರವನ್ನು ಅಳೆದರೆ 52 ಸೆಂಟಿಮೀಟರ್. ಅಂದರೆ 13 ಕಿಲೋಮೀಟರ್, ಎಂಟು ಮೈಲಿ.

ಸಮಯದ ಲೆಕ್ಕಕ್ಕೆ ನೇಸ್ಮಿತ್ ಇದ್ದಾನೆ. ಈ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ನನ್ನ ದಾರಿಗೆ ಸುಮಾರು 1300 ಅಡಿ ಏರು. ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ. ಪುಣ್ಯಾತ್ಮ ಮಂಡಿನೋವಿಗೆ, ಫ್ಲಾಸ್ಕಿನ ಚಹಾಕ್ಕೆ, ಕುರಿ ನೋಡುತ್ತ ನಿಲ್ಲುವುದಕ್ಕೆ ಒಂದು ನಿಮಿಷವನ್ನೂ ಕೊಟ್ಟಿಲ್ಲ. ನಾನು ಐದು ಗಂಟೆ ಅಂತ ಬರೆದುಕೊಳ್ಳುತ್ತೇನೆ. ನವೆಂಬರ್ ಕೊನೆಗೆ ಇಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬುತ್ತಿಗೆ ಚಿತ್ರಾನ್ನ ಬೇಡ, ಚಪಾತಿಯಲ್ಲಿ ಸುತ್ತಿದ ಪಲ್ಯ ಸಾಕು. ಮೇಲಿನ ಗಾಳಿಗೆ ಬೆರಳು ಮರಗಟ್ಟಿದಾಗ ಅನ್ನ ಕಲೆಸಿ ತಿನ್ನಲಾಗದು.

ನಕ್ಷೆಯಲ್ಲಿ ಹಸಿರು ತುಂಡು ಗೆರೆಗಳಿವೆ. ಹೊಲ ಯಾರದೇ ಇರಲಿ, ಆ ಗೆರೆಯ ಮೇಲೆ ನಡೆಯಲು ಎಲ್ಲರಿಗೂ ಹಕ್ಕುಂಟು. ಎಲ್ಲಿಂದಲೋ ಬಂದ ನನಗೂ ಉಂಟು. ಆದರೆ ಕಿಂಡರ್‌ನ ನೆತ್ತಿ ಹಾಗಿರಲಿಲ್ಲ. ಅದು ಗ್ರೌಸ್ ಹಕ್ಕಿಯ ಬೇಟೆಗೆಂದು ಸಿರಿವಂತರು ಕಾದಿಟ್ಟ ನೆಲ. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತರ ಹುಡುಗನೊಂದಿಗೆ ನೂರಾರು ಜನ ಬೇಕೆಂದೇ ಅಲ್ಲಿಗೆ ನುಗ್ಗಿದರು. ಕಾವಲುಗಾರರೊಂದಿಗೆ ಕೈಕೈ ಮಿಲಾಯಿಸಿದರು, ಐದು ಮಂದಿ ಜೈಲು ಸೇರಿದರು. 1951ರಲ್ಲಿ ಈ ಸೀಮೆ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದ ಕಾಯ್ದೆಯಂತೂ ಇಂಥ ಬಯಲುಗಳಲ್ಲಿ ದಾರಿ ಬಿಟ್ಟು ಅಲೆಯುವುದಕ್ಕೂ ಅನುಮತಿ ಕೊಟ್ಟಿತು.

ಹಕ್ಕು ಸಿಕ್ಕಿತು, ದಾರಿ ಸಿಗಬೇಕಲ್ಲ! ಕಿಂಡರ್‌ಗೆ ಚೂಪು ಶಿಖರವಿಲ್ಲ. ನೆತ್ತಿಯೆಲ್ಲ ಕಪ್ಪು ಪೀಟ್ ಮಣ್ಣು, ಅದರಲ್ಲಿ ನೀರು ಕೊರೆದ, ಆಳುದ್ದದ ಕೊರಕಲುಗಳು. ಮಂಜು ಇಳಿದರೆ ಎಲ್ಲ ಕೊರಕಲೂ ಒಂದೇ ಥರ. ದಿಕ್ಸೂಚಿ ತೋರಿದ ಕಡೆ ನೇರ ಹೋಗಲೂ ಅವು ಬಿಡುವುದಿಲ್ಲ. ಆದ್ದರಿಂದಲೇ ನಾನು ಅಂಚಿನ ಹಾದಿ ಹಿಡಿಯುವುದು.

ಕಿಂಡರ್ ಲೋದಿಂದ ಸ್ವಲ್ಪ ದೂರ ಉತ್ತರಕ್ಕೆ ಹೋದರೆ ಕಿಂಡರ್ ಡೌನ್‌ಫಾಲ್ ಜಲಪಾತ. ಪಶ್ಚಿಮದ ಗಾಳಿ ಜೋರಾದಾಗ ಬೀಳುವ ನೀರು ಮೇಲಕ್ಕೇ ಹಾರುತ್ತದಂತೆ. ಆಸೆ ಇದ್ದೇ ಇದೆ. ಆದರೂ ಚೀಟಿಯಲ್ಲಿ ಬರೆಯುತ್ತೇನೆ: “ಹನ್ನೆರಡೂವರೆಯೊಳಗೆ ಕಿಂಡರ್ ಲೋ ಮುಟ್ಟದಿದ್ದರೆ ಜಲಪಾತವಿಲ್ಲ.” ಅಂದಿನವರು ಜೈಲಿಗೆ ಹೋಗಿದ್ದು, ಗುಡ್ಡದ ಮೇಲೆ ಯಾರೂ “ವಾಪಸ್ ಹೋಗು” ಅನ್ನಬಾರದೆಂದು. ಈಗ ಹಾಗೆ ಅನ್ನುವವರಿಲ್ಲ. ಅದಕ್ಕೇ ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳಬೇಕು. ಅದೂ ಮನೆಯಲ್ಲಿ ಬೆಚ್ಚಗೆ ಕೂತಿರುವಾಗಲೇ. ಮೇಲೆ ಹೋದಮೇಲೆ ಕಾಲು ನನ್ನ ಮಾತು ಕೇಳುವುದಿಲ್ಲ.

ಚೀಟಿಯ ಒಂದು ಪ್ರತಿ ಮನೆಯಲ್ಲಿ ಉಳಿಯುತ್ತದೆ. ಅದನ್ನು ಫ್ರಿಜ್ಜಿಗೆ ಅಂಟಿಸುತ್ತ ಅವಳು ಹೇಳುತ್ತಾಳೆ: “ಆರು ಗಂಟೆವರೆಗೆ ನೋಡ್ತೀನಿ. ಆಮೇಲೆ 999ಕ್ಕೆ ಫೋನ್ ಮಾಡ್ತೀನಿ. ನಿಮ್ಮ ನೇಸ್ಮಿತ್ ಏನಾದ್ರೂ ಹೇಳ್ಲಿ.”