ಆರು ಊಟ, ಮೂವತ್ತಾರು ಫೋಟೋ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನಿಗೆ ಒಂದು ಚಾಳಿ ಸಾಯುವ ತನಕ ಬಿಡುವುದಿಲ್ಲ. ಏನೇ ಕೆಲಸ ಬರಲಿ, ಕಾಗದದ ಮೇಲೆ ಗೆರೆ ಎಳೆದು ಕಾಲಂ ಮಾಡಬೇಕು. ಕಳೆದ ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಮ್ಯಾಂಚೆಸ್ಟರಿನಲ್ಲಿ ಮಗನ ಮನೆಯಲ್ಲಿದ್ದಾಗ ಈ ಚಾಳಿ ಒಂದು ಉಪಕಾರಕ್ಕೆ ಬಂತು.

ಶನಿವಾರ, ಭಾನುವಾರ ಎರಡು ದಿನ ಉತ್ತರ ವೇಲ್ಸ್‌ಗೆ ಹೋಗಿ ಬರೋಣ ಎಂದು ಮಗ ಹೇಳಿದ. ಕಾರಿನಲ್ಲಿ ಹೆಚ್ಚು ಕಡಿಮೆ ಎರಡು ಗಂಟೆಯ ದಾರಿ. ಸಮುದ್ರ, ಕೋಟೆ, ಬೆಟ್ಟ ಎಲ್ಲ ಒಂದೇ ಕಡೆ ಸಿಗುತ್ತವೆ. ಆದರೆ ಅವನೇ ತಗ್ಗಿದ ದನಿಯಲ್ಲಿ, "ಅಪ್ಪಾ, ಅಮ್ಮ ಮನೆಯಲ್ಲೇ ಇದ್ದರೆ ಒಳ್ಳೇದಲ್ವಾ?" ಎಂದು ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್. ಊಟ ಸ್ವಲ್ಪ ತಡವಾದರೂ ಸಕ್ಕರೆ ಇಳಿದು ಕೈ ನಡುಗುತ್ತದೆ, ಬೆವರುತ್ತದೆ. ಹಿಂದಿನ ವರ್ಷ ಒಂದು ಪ್ರಯಾಣದಲ್ಲಿ ಹಾಗೆ ಆಗಿ ಎಲ್ಲರೂ ಹೆದರಿಹೋಗಿದ್ದೆವು. ಅದರ ಮೇಲೆ ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ.

ಇವಳು ಏನೂ ಹೇಳಲಿಲ್ಲ. "ನೀವೆಲ್ಲ ಹೋಗಿ ಬನ್ನಿ, ನಾನು ಟಿವಿ ನೋಡ್ಕೊಂಡು ಇರ್ತೀನಿ" ಎಂದು ಅಡುಗೆಮನೆಗೆ ಹೋದಳು. ನಲವತ್ತೆಂಟು ವರ್ಷ ಜೊತೆಯಲ್ಲಿ ಬಾಳಿದವನಿಗೆ ಆ ಮಾತಿನ ಅರ್ಥ ಗೊತ್ತಾಗದೆ ಇರುತ್ತದೆಯೇ? ಈ ವಯಸ್ಸಿನಲ್ಲಿ 'ಮುಂದಿನ ಸಲ' ಎನ್ನುವ ಮಾತನ್ನು ನಾವು ಅಷ್ಟು ಸಲೀಸಾಗಿ ಆಡುವುದಿಲ್ಲ. ಅಂದು ರಾತ್ರಿ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಇಸಿದುಕೊಂಡು ಗೆರೆ ಎಳೆಯಲು ಕೂತೆ.

ನಾಲ್ಕು ಕಾಲಂ. ಮೊದಲನೆಯದು ಗಂಟೆ. ಎರಡನೆಯದು ಊಟ. ಮೂರನೆಯದು ಫೋಟೋ. ನಾಲ್ಕನೆಯದು ಮೀಸಲು. ಬ್ಯಾಂಕು ಜನರ ಹಣವನ್ನೆಲ್ಲ ಸಾಲ ಕೊಟ್ಟು ಖಾಲಿ ಕೂರುವ ಹಾಗಿಲ್ಲ, ಒಂದು ಪಾಲನ್ನು ಮೀಸಲಿಡಲೇಬೇಕು. ಪ್ರಯಾಣಕ್ಕೂ ಅದೇ ನಿಯಮ.

ಎರಡು ದಿನಕ್ಕೆ ಆರು ಊಟ, ತಿಂಡಿ ಲೆಕ್ಕಕ್ಕೆ ಬಂತು. ಮೊದಲು ಅವುಗಳ ಗಂಟೆ ಬರೆದೆ. ಆಮೇಲೆ ಮಿಕ್ಕ ಜಾಗದಲ್ಲಿ ನೋಡುವ ಸ್ಥಳಗಳನ್ನು ಕೂರಿಸಿದೆ. ಸಾಮಾನ್ಯವಾಗಿ ನಾವು ಮಾಡುವುದು ಇದರ ತಿರುವು ಮುರುವು: ಊರೆಲ್ಲ ಸುತ್ತಿ ಹಸಿವಾದಾಗ ಹೋಟೆಲ್ ಹುಡುಕುತ್ತೇವೆ. ಅಲ್ಲಿ ಅದು ನಡೆಯುವುದಿಲ್ಲ. ನಮ್ಮ ದರ್ಶಿನಿಯ ಹಾಗೆ ಬೆಳಗಿನಿಂದ ರಾತ್ರಿವರೆಗೆ ಒಲೆ ಉರಿಯುತ್ತಿರುವುದಿಲ್ಲ. ಎಷ್ಟೋ ಪಬ್ಬುಗಳಲ್ಲಿ ಮಧ್ಯಾಹ್ನದ ಅಡುಗೆ ಎರಡೂವರೆ, ಮೂರಕ್ಕೆ ಮುಗಿದರೆ ಮತ್ತೆ ಸಂಜೆಯೇ. ಸಣ್ಣ ಕೆಫೆಗಳು ನಾಲ್ಕಕ್ಕೆಲ್ಲ ಕುರ್ಚಿ ಎತ್ತಿಡುತ್ತವೆ. ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಕಾಲ ಮಾತ್ರ ತೆರೆಯಬೇಕೆಂದು ಕಾನೂನೇ ಇದೆ. ಆದ್ದರಿಂದ ಸೊಸೆ ಒಂದೊಂದು ಕಡೆಗೂ ಫೋನ್ ಮಾಡಿ, ಅಡುಗೆ ಎಷ್ಟು ಹೊತ್ತಿನವರೆಗೆ, ಮೇಜು ಕಾದಿರಿಸಬಹುದೇ ಎಂದು ಕೇಳಿ ಬರೆಸಿದಳು.

ಇನ್ನೊಂದು ವಿಷಯ ಹಿರಿಯರು ತಿಳಿದಿರಲಿ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇದ್ದರೆ ಮೊಟ್ಟೆ ಇಲ್ಲವೆಂದು ಅರ್ಥ. ಬ್ರಿಟನ್ನಿನಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆ ಇರಬಹುದು. 'ವೀಗನ್' ಎಂದಿದ್ದರೆ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ವೇಲ್ಸ್‌ನ ಹೆಸರುವಾಸಿ ತಿಂಡಿಗಳನ್ನು ಪಟ್ಟಿ ಮಾಡಿದೆವು. ಕಾವಲಿಯ ಮೇಲೆ ಬೇಯಿಸುವ, ಒಣದ್ರಾಕ್ಷಿ ಹಾಕಿದ 'ವೆಲ್ಷ್ ಕೇಕ್'. ಚಹಾದಲ್ಲಿ ನೆನೆಸಿದ ಒಣಹಣ್ಣಿನ ಬ್ರೆಡ್ಡು 'ಬಾರಾ ಬ್ರಿತ್'. ಹೆಸರಿಗೆ ಸಾಸೇಜ್ ಆದರೂ ಮಾಂಸವಿಲ್ಲದ, ಚೀಸು ಮತ್ತು ಲೀಕ್ ಎಂಬ ಈರುಳ್ಳಿ ಜಾತಿಯ ತರಕಾರಿಯಿಂದ ಮಾಡುವ 'ಗ್ಲಮಾರ್ಗನ್ ಸಾಸೇಜ್'. ಮೂರಕ್ಕೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ಬ್ರೆಡ್ಡಿನ ಮೇಲೆ ಚೀಸು ಕರಗಿಸುವ 'ವೆಲ್ಷ್ ರೇರ್‌ಬಿಟ್'ಗೆ ಹಾಕುವ ಒಂದು ಸಾಸ್‌ನಲ್ಲಿ ಮೀನಿರುತ್ತದೆ. ಆಲೂಗೆಡ್ಡೆ ಚಿಪ್ಸ್ ಕೂಡ ಕೆಲವು ಕಡೆ ಮೀನು ಕರಿದ ಎಣ್ಣೆಯಲ್ಲೋ ದನದ ಕೊಬ್ಬಿನಲ್ಲೋ ಕರಿದಿರುತ್ತಾರೆ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಕೊನೆಗೆ ಇವಳ ಪಾಲಿಗೆ ಲೀಕ್-ಆಲೂಗೆಡ್ಡೆ ಸೂಪು ಮತ್ತು ಸಿಪ್ಪೆ ಸಮೇತ ಸುಟ್ಟ ದೊಡ್ಡ ಆಲೂಗೆಡ್ಡೆ ನಿಂತವು. ಮೀಸಲು ಕಾಲಮಿನಲ್ಲಿ ಹತ್ತು ಚಪಾತಿ, ಆಲೂಗೆಡ್ಡೆ ಪಲ್ಯ, ಕೋಡುಬಳೆ, ಗ್ಲೂಕೋಸ್ ಮಾತ್ರೆ.

ಫೋಟೋ ಕಾಲಮಿಗೆ ಯಜಮಾನಿ ಹತ್ತು ವರ್ಷದ ಮೊಮ್ಮಗಳು. ನಮ್ಮ ಕಾಲದಲ್ಲಿ ಕ್ಯಾಮೆರಾದ ಒಂದು ರೀಲಿನಲ್ಲಿ 36 ಫೋಟೋ ಮಾತ್ರ ಬರುತ್ತಿತ್ತು, ಒಂದೊಂದನ್ನೂ ಯೋಚಿಸಿ ತೆಗೆಯುತ್ತಿದ್ದೆವು ಎಂದು ಹೇಳಿದೆ. ಅವಳಿಗೆ ಅದು ಆಟದಂತೆ ಕಂಡಿತು. ತಾನೂ ಮೂವತ್ತಾರೇ ತೆಗೆಯುವುದು ಎಂದು ಪಣ ತೊಟ್ಟಳು. ನಾನು ಹೇಳುವುದು ಕನ್ನಡದಲ್ಲಿ, ಅವಳು ಉತ್ತರಿಸುವುದು ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಹೀಗೇ ನಡೆದುಬಂದಿದೆ. ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ.

ಕಾನ್ವಿ ಊರಿನ ಕೋಟೆಯ ಫೋಟೋ ನಮಗೆ ಮುಖ್ಯ. ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್, ವೇಲ್ಸನ್ನು ಗೆದ್ದ ಮೇಲೆ 1283ರಿಂದ 1287ರ ಒಳಗೆ ಕಟ್ಟಿಸಿದ ಕೋಟೆ ಅದು. ಎಂಟು ದೊಡ್ಡ ಬುರುಜುಗಳು. ಊರನ್ನು ಸುತ್ತಿದ ಗೋಡೆ ಇಂದಿಗೂ ಗಟ್ಟಿಯಾಗಿ ನಿಂತಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಚಂದವಿರುವುದು ನೀರಿನಲ್ಲಿ ನೆರಳು ಬಿದ್ದಾಗ. ಮಗ ಶನಿವಾರ ಹೋದ ಕೂಡಲೇ ಅಲ್ಲಿಗೆ ಎಂದಿದ್ದ. ಉಬ್ಬರವಿಳಿತದ ಪಟ್ಟಿ ನೋಡಿದರೆ ಆ ಮಧ್ಯಾಹ್ನ ನೀರಿಳಿದು ದೋಣಿಗಳೆಲ್ಲ ಕೆಸರಿನಲ್ಲಿ ಕೂತಿರುತ್ತಿದ್ದವು. ಉಬ್ಬರ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಭಾನುವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ನೀರು ತುಂಬಿರುತ್ತದೆ. ಹೊಳೆಯ ಪೂರ್ವ ದಡದಲ್ಲಿ ನಿಂತರೆ ಬೆಳಗಿನ ಬಿಸಿಲು ಕೋಟೆಯ ಮುಖಕ್ಕೇ ಬೀಳುತ್ತದೆ. ಕೋಟೆ ಭಾನುವಾರಕ್ಕೆ ಹೋಯಿತು. ಶನಿವಾರಕ್ಕೆ ಲಾಂಡುಡ್ನೊ ಕಡಲತೀರ.

ಮಗನ ಇನ್ನೊಂದು ಆಸೆ ಲಾನ್‌ಬೆರಿಸ್ ಬಳಿಯ ಪಾಡರ್ನ್ ಸರೋವರದ ಒಂಟಿ ಮರ. ನೀರಿನ ಅಂಚಿನಲ್ಲಿ ಒಂದೇ ಮರ, ಹಿಂದೆ ಬೆಟ್ಟಗಳ ಸಾಲು; ಸೂರ್ಯೋದಯಕ್ಕೆ ಸರಿಯಾಗಿ ಅಲ್ಲಿರಬೇಕಂತೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಐದಕ್ಕೆ ಮೊದಲೇ ಹುಟ್ಟುತ್ತಾನೆ. ಎಲ್ಲರನ್ನೂ ಎಬ್ಬಿಸಿಕೊಂಡು ಹೋದರೆ ಇವಳ ತಿಂಡಿ, ಇನ್ಸುಲಿನ್ ಎಲ್ಲ ಏರುಪೇರು. "ನೀನೊಬ್ಬನೇ ಹೋಗಿ ಎಂಟಕ್ಕೆ ತಿಂಡಿಗೆ ಬಂದುಬಿಡು" ಎಂದು ಬರೆದೆ. ಲೆಕ್ಕ ಕೂಡಿತು. ಹಾಳೆಯನ್ನು ಓದಿದ ಮಗ ಅಡುಗೆಮನೆ ಕಡೆ ತಿರುಗಿ, "ಅಮ್ಮಾ, ಸ್ವೆಟರ್ ಮರೀಬೇಡ, ಅಲ್ಲಿ ಗಾಳಿ ಜಾಸ್ತಿ" ಎಂದ. ಅಷ್ಟೇ. ಒಳಗಿನಿಂದ ಪಾತ್ರೆಯ ಸದ್ದು ಜೋರಾಯಿತು.

ಶನಿವಾರ ಹತ್ತೂವರೆಗೆ ಲಾಂಡುಡ್ನೊ ತಲುಪಿದೆವು. ಸಮುದ್ರದೊಳಕ್ಕೆ 700 ಮೀಟರು ಚಾಚಿದ, 1877ರಲ್ಲಿ ತೆರೆದ ಮರದ ಹಾಸಿನ ಪಿಯರ್ ಅಲ್ಲಿದೆ. ನಿಧಾನವಾಗಿ ತುದಿಯವರೆಗೆ ನಡೆದು ಬಂದು ಮುಕ್ಕಾಲು ಗಂಟೆಗೆ, ಅಂದರೆ ಹನ್ನೆರಡೂ ಮುಕ್ಕಾಲಿಗೆ, ಮೇಜು ಕಾದಿರಿಸಿದ್ದ ಕೆಫೆಗೆ ಹೋದರೆ ಬಾಗಿಲಲ್ಲಿ ಚೀಟಿ: ಸಿಬ್ಬಂದಿ ಇಲ್ಲದ ಕಾರಣ ಇಂದು ಅಡುಗೆ ಇಲ್ಲ. ಪಕ್ಕದ ಎರಡು ಕಡೆ ಉದ್ದ ಸಾಲು. ಸೊಸೆಯ ಮುಖ ಬಿಳುಚಿತು, ಮಗ ನನ್ನ ಕಡೆ ನೋಡಿದ. ಇವಳ ಬೆರಳು ಆಗಲೇ ಸಣ್ಣಗೆ ನಡುಗುತ್ತಿತ್ತು.

ಮೀಸಲು ನಿಧಿ ಇರುವುದೇ ಇಂಥ ದಿನಕ್ಕೆ. ಎರಡು ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಸಿ, ಕಡಲ ದಂಡೆಯ ಬೆಂಚಿನ ಮೇಲೆ ಕೂರಿಸಿ ಚಪಾತಿ ಡಬ್ಬಿ ತೆರೆದೆವು. ಹತ್ತು ನಿಮಿಷಕ್ಕೆ ಅವಳ ಮುಖಕ್ಕೆ ಬಣ್ಣ ಬಂತು. ಅಷ್ಟರಲ್ಲಿ ಕೋಳಿಗಿಂತ ದೊಡ್ಡದಾದ ಒಂದು ಕಡಲಹಕ್ಕಿ ಸೊಯ್ಯನೆ ಇಳಿದು ಮಗನ ಕೈಯ ಚಪಾತಿಯನ್ನು ಸುರುಳಿ ಸಮೇತ ಕಿತ್ತುಕೊಂಡು ಹೋಯಿತು! ಇನ್ನೊಂದು ಬಂದು ಕಂಬಿಯ ಮೇಲೆ ಕೂತು ಡಬ್ಬಿಯನ್ನೇ ದಿಟ್ಟಿಸಿತು. ಇವಳು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಎದೆಗವಚಿಕೊಂಡು, "ಹೋಗೋ, ನಿಂಗೇನು ಬಂದಿದೆ ರೋಗ!" ಎಂದು ಗದರಿದಳು. ಮೊಮ್ಮಗಳು ಟಕ್ಕೆಂದು ಒತ್ತಿದಳು. ಅದು ಅವಳ ಹನ್ನೊಂದನೇ ಫೋಟೋ. ಎಷ್ಟು ಹೊತ್ತು ನಕ್ಕೆವೋ ಲೆಕ್ಕವಿಲ್ಲ.

ಮಧ್ಯಾಹ್ನ, 1902ರಿಂದ ಓಡುತ್ತಿರುವ, ಹಗ್ಗದಿಂದ ಎಳೆಯುವ ಟ್ರಾಮಿನಲ್ಲಿ ಕೂತು ಗ್ರೇಟ್ ಓರ್ಮ್ ಗುಡ್ಡ ಹತ್ತಿದೆವು. ಮಂಡಿ ನೋವಿನವರಿಗೆ ಅದು ವರ. ಅಲ್ಲಿ ಕಾಡಾಡಿಗಳಾಗಿ ಮೇಯುವ ಆಡುಗಳು ನಮ್ಮ ಕಾಶ್ಮೀರದ ತಳಿಯವು. 2020ರಲ್ಲಿ ಲಾಕ್‌ಡೌನ್ ಆಗಿ ಜನರೆಲ್ಲ ಮನೆಯಲ್ಲಿದ್ದಾಗ ಈ ಆಡುಗಳೇ ಊರೊಳಗೆ ಇಳಿದು ಬೀದಿ ಸುತ್ತಿದ್ದವು. ಸಂಜೆ ಸೋನೆ ಹಿಡಿದು ಸೂರ್ಯಾಸ್ತದ ಫೋಟೋ ತಪ್ಪಿತು. ಬಿಸಿ ಸೂಪು ಹೊತ್ತಿಗೆ ಸರಿಯಾಗಿ ಸಿಕ್ಕಿತು.

ಭಾನುವಾರ ಮಗ ಒಂಟಿ ಮರ ನೋಡಿಕೊಂಡು ಹೇಳಿದ ಹೊತ್ತಿಗೆ ತಿಂಡಿಗೆ ಬಂದ. ಹತ್ತೂವರೆಗೆ ಕಾನ್ವಿ ಕೋಟೆ ತುಂಬಿದ ನೀರಿನಲ್ಲಿ ನೆರಳು ಚೆಲ್ಲಿ ನಿಂತಿತ್ತು. ಎಲ್ಲರೂ ಸೇರಿದ ಫೋಟೋ ಅಲ್ಲಿ ತೆಗೆಸಿಕೊಂಡೆವು. ದಡದಲ್ಲೇ ಬ್ರಿಟನ್ನಿನ ಅತಿ ಚಿಕ್ಕ ಮನೆ ಇದೆ ಮಕ್ಕಳೇ. ಕೆಂಪು ಬಣ್ಣ, ಅಗಲ ಆರೇ ಅಡಿ. ಅದರಲ್ಲಿ ಕೊನೆಗೆ ವಾಸವಾಗಿದ್ದವನು ಆರಡಿ ಮೂರಂಗುಲದ ಬೆಸ್ತ!

ಊಟದ ಮೇಜಿನ ಪಕ್ಕದಲ್ಲಿ ಒಬ್ಬ ಅಜ್ಜಿಯೂ ಏಳೆಂಟು ವರ್ಷದ ಹುಡುಗನೂ ಕೂತಿದ್ದರು. ಹುಡುಗ ಮತ್ತೆ ಮತ್ತೆ 'ನೈನ್, ನೈನ್' ಎನ್ನುತ್ತಿದ್ದ. ಅವಳನ್ನು ಒಂಬತ್ತು ಎಂದು ಯಾಕೆ ಕರೆಯುತ್ತಾನೆ ಎಂದು ಮೊಮ್ಮಗಳಿಗೆ ಸೋಜಿಗ. ಬಡಿಸುವ ಹುಡುಗಿ ನಕ್ಕು ಹೇಳಿದಳು: ಉತ್ತರ ವೇಲ್ಸ್‌ನ ಭಾಷೆಯಲ್ಲಿ ಅಜ್ಜಿಗೆ 'ನೈನ್', ತಾತನಿಗೆ 'ತೈದ್'. ಆ ಹುಡುಗ ಶಾಲೆಯಲ್ಲಿ ಕಲಿಯುವುದೂ ವೆಲ್ಷ್ ಭಾಷೆಯಲ್ಲೇ. ಇಂಗ್ಲಿಷೂ ಚೆನ್ನಾಗಿ ಬರುತ್ತದೆ.

ದಾರಿಯಲ್ಲಿ ಅವಳಿಗೆ ಒಂದು ಕಥೆ ಹೇಳಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಕೆಲವು ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಆ ಭಾಷೆ ಸಾಯಲಿಲ್ಲ. 2021ರ ಜನಗಣತಿಯಲ್ಲಿ ಸುಮಾರು 5 ಲಕ್ಷ 38 ಸಾವಿರ ಜನ ವೆಲ್ಷ್ ಬರುತ್ತದೆಂದು ಬರೆಸಿದರು. 2050ರ ಹೊತ್ತಿಗೆ ಅದನ್ನು ಹತ್ತು ಲಕ್ಷ ಮಾಡಬೇಕೆಂದು ಅಲ್ಲಿನ ಸರ್ಕಾರದ ಗುರಿ. ನಮ್ಮ ಕನ್ನಡಿಗರ ಸಂಖ್ಯೆಯ ಮುಂದೆ ಅದು ಎಷ್ಟು ಸಣ್ಣದು!

ಕೊನೆಯ ನಿಲ್ದಾಣ 58 ಅಕ್ಷರದ ಹೆಸರಿನ ಊರು. ಉಸಿರು ಹಿಡಿದು ಓದಿ: ಲಾನ್‌ವೈರ್‌ಪೂಲ್‌ಗ್ವಿನ್‌ಗಿಲ್‌ಗೊಗೆರಿಖ್ವಿರ್ನ್‌ಡ್ರೊಬೂಲ್‌ಲಾಂಟಿಸಿಲಿಯೊಗೊಗೊಗೊಖ್. ನಮ್ಮ ಹೊಳೆನರಸೀಪುರ ಇದರ ಮುಂದೆ ಏನೇನೂ ಅಲ್ಲ. ರೈಲು ನಿಲ್ದಾಣದ ಆ ಬೋರ್ಡಿನ ಉದ್ದಕ್ಕೆ ನಾವೈದು ಜನ ಕೈ ಚಾಚಿ ನಿಂತರೂ ಹೆಸರು ಇನ್ನೂ ಉಳಿಯುತ್ತದೇನೋ ಅನ್ನಿಸಿತು. ಅದು ಮೂವತ್ತೈದನೇ ಫೋಟೋ.

ಮೂವತ್ತಾರನೆಯದನ್ನು ಅವಳು ಎಲ್ಲಿಗೆ ಉಳಿಸಿದ್ದಾಳೋ ತಿಳಿಯಲಿಲ್ಲ. ಕಾರು ನಿಲ್ಲಿಸಿದ್ದ ಜಾಗದ ಎದುರಿನ ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ 'ಅರಾವ್' ಎಂದು ದೊಡ್ಡದಾಗಿ ಬರೆದಿತ್ತು, ಅದರ ಕೆಳಗೆ ಇಂಗ್ಲಿಷಿನಲ್ಲಿ 'ಸ್ಲೋ'. ವೇಲ್ಸ್‌ನ ದಾರಿಯುದ್ದಕ್ಕೂ ಈ ಜೋಡಿ ಪದಗಳೇ. ಅವಳು ಅದರ ಫೋಟೋ ತೆಗೆದು, ನನ್ನ ಪಕ್ಕ ಬಂದು ಕೂತು ಕೇಳಿದಳು: "ತಾತ, ಕನ್ನಡದಲ್ಲಿ ಇದಕ್ಕೆ ಏನು?"

ಕೇಳಿದ್ದೂ ಕನ್ನಡದಲ್ಲಿ. "ನಿಧಾನ, ಪುಟ್ಟಿ" ಎಂದೆ. ಅವಳು "ನಿದಾನ" ಎಂದಳು. ಇವಳು ಹಿಂದಿನ ಸೀಟಿನಿಂದ, "ನಿ-ಧಾ-ನ" ಎಂದು ಬಿಡಿಸಿ ಹೇಳಿಕೊಟ್ಟಳು. ಮ್ಯಾಂಚೆಸ್ಟರ್ ಬರುವವರೆಗೆ ಅಜ್ಜಿ ಮೊಮ್ಮಗಳ ಪಾಠ ನಡೆದೇ ಇತ್ತು. ಈಗ ಪ್ರತಿ ಭಾನುವಾರ ಫೋನಿನಲ್ಲಿ ಒಂದು ಫೋಟೋ ಎತ್ತಿಕೊಂಡು, ಅದಕ್ಕೆ ಒಂದು ಕನ್ನಡ ವಾಕ್ಯ ಬರೆದು ಕಳಿಸುತ್ತಾಳೆ. ಕಡಲಹಕ್ಕಿಯ ಫೋಟೋಗೆ ಬರೆದದ್ದು ಹೀಗೆ: 'ಅಜ್ಜಿ ಚಪಾತಿ ಕೊಡಲ್ಲ.' ಇನ್ನೂ ಇಪ್ಪತ್ತು ಫೋಟೋ ಬಾಕಿ ಇವೆ.