ಎಡಗಡೆಯ ಕಿಟಕಿ

ನಾನು ವಿಮಾನ ಹತ್ತಿ ಬಂದೆ ಅಂತ ಗೊತ್ತಾದ ದಿನದಿಂದ ತರಗತಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಮೇಲಿಂದ ಏನೇನು ಕಾಣುತ್ತೆ?’ ಅದು ನಾವು ಯಾವ ಕಿಟಕಿಯ ಪಕ್ಕ ಕೂತಿದ್ದೇವೆ ಅನ್ನುವುದರ ಮೇಲಿದೆ ಗೆಳೆಯರೇ. ಒಂದೇ ವಿಮಾನದಲ್ಲಿ ಬಂದ ಇಬ್ಬರು, ಇಳಿದ ಮೇಲೆ ಬೇರೆ ಬೇರೆ ದಾರಿಯಲ್ಲಿ ಬಂದವರ ಹಾಗೆ ಮಾತಾಡಬಹುದು. ಅದಕ್ಕೇ ನಾನು ಸೀಟು ಆರಿಸುವ ವಿಷಯವನ್ನೇ ಬರೆಯುತ್ತೇನೆ.

2025ರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ಅಜ್ಜಿಯ ಬಲಗಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಹೋಗಿದ್ದೆವು. ಆಪರೇಷನ್ ಆದ ಕಣ್ಣಿಗೆ ರಾತ್ರಿ ಬಸ್ಸಿನ ಕುಲುಕಾಟ ಬೇಡವೆಂದು ಮಾವ ಅಜ್ಜಿಗೂ ನನಗೂ ವಿಮಾನದ ಟಿಕೆಟ್ ತೆಗೆದರು. ಬೆಂಗಳೂರಿನಿಂದ ಶಿವಮೊಗ್ಗದ ಸೋಗಾನೆಗೆ ಸುಮಾರು ಒಂದು ಗಂಟೆಯ ದಾರಿ. (ಸೋಗಾನೆಗೆ ಮೊದಲ ಪ್ರಯಾಣಿಕರ ವಿಮಾನ ಬಂದದ್ದು 2023ರ ಆಗಸ್ಟ್ 31ರಂದು.) ಅಜ್ಜಿ ಟಿಕೆಟ್ಟಿನ ದುಡ್ಡು ಕೇಳಲಿಲ್ಲ, ಭಯ ಅನ್ನಲಿಲ್ಲ. ಕೇಳಿದ್ದು ಒಂದೇ ಮಾತು: ‘ಮೇಲಿಂದ ನಮ್ಮೂರಿನ ನೀರು ಕಾಣ್ತದಾ?’

ಅಜ್ಜಿಯ ತವರೂರು ಈಗ ಭದ್ರಾ ಹಿನ್ನೀರಿನ ಅಡಿಯಲ್ಲಿದೆ. 1960ರ ಸುಮಾರಿಗೆ ಅವರು ಊರು ಬಿಟ್ಟಾಗ ಅಜ್ಜಿ ಲಂಗ ಹಾಕುವ ಹುಡುಗಿ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಪುಟ್ಟ ರೈಲಿನ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ದಡದಲ್ಲಿ ನಿಂತು ನೀರು ನೋಡಿದ್ದಾರೆ, ಆದರೆ ದಡದಿಂದ ಆಚೆ ದಡ ಮಾತ್ರ ಕಾಣುತ್ತದೆ.

ಮಾವನ ಮನೆಯಲ್ಲಿ ಅಟ್ಲಾಸ್ ಇತ್ತು. ಕರ್ನಾಟಕದ ಪುಟ ತೆಗೆದು, ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದೆ. ವಿಮಾನವೇನೂ ಗೆರೆಯ ಮೇಲೇ ಹೋಗುವುದಿಲ್ಲ. ಗಾಳಿಗೆ ಎದುರಾಗಿ ಏರುತ್ತದೆ, ಸುತ್ತು ಹಾಕಿ ಇಳಿಯುತ್ತದೆ. ಆದರೂ ಯಾವುದು ಯಾವ ಕಡೆ ಅಂತ ತಿಳಿಯಲು ಅಷ್ಟು ಸಾಕು. ಗೆರೆಯ ಉತ್ತರಕ್ಕೆ, ಅಂದರೆ ಬಲಗೈ ಕಡೆಗೆ, ನಂದಿಬೆಟ್ಟ ಮತ್ತು ಹಿರಿಯೂರಿನ ವಾಣಿವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಆ ಕೆರೆ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ 2022ರಲ್ಲಿ, ಮೂರನೇ ಸಲ ನಾವು ಹೋದ ಆ ಜನವರಿಯಲ್ಲೇ! ದಕ್ಷಿಣಕ್ಕೆ, ಎಡಗೈ ಕಡೆಗೆ, ಬಾಬಾಬುಡನ್‌ಗಿರಿಯ ಸಾಲು, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಮತ್ತು ಭದ್ರಾ.

ಇಲ್ಲಿ ಒಂದು ತೊಡಕು ಬಂತು. ನೋಟ ಚೆನ್ನಾಗಿ ಕಾಣಬೇಕಾದರೆ ಬಿಸಿಲಿಗೆ ಬೆನ್ನು ಹಾಕಿದ ಕಡೆ ಕೂರಬೇಕು. ನಮ್ಮಲ್ಲಿ ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ಪಶ್ಚಿಮಕ್ಕೆ ಹೋಗುವಾಗ ಎಡಗಡೆಯ ಗಾಜಿಗೆ ಬಿಸಿಲು ಹೊಡೆದು ಕಣ್ಣು ಕುಕ್ಕುತ್ತದೆ, ಬಲಗಡೆ ಹೊಲ ಗದ್ದೆ ಬಣ್ಣ ಬಣ್ಣವಾಗಿ ಕಾಣುತ್ತದೆ. ಮಾವ ಬಲಗಡೆಯೇ ಸರಿ ಅಂದರು. ಅಜ್ಜಿ ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಏರಿಸಿಕೊಂಡು, ‘ನಂಗೇನು ಬಿಸಿಲು ಕುಕ್ಕೋದು?’ ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಕೌಂಟರಿನಲ್ಲಿ ಕೇಳಿ ಎಡಗಡೆಯ ಎ ಸೀಟು ಅಜ್ಜಿಗೆ, ಅದರ ಪಕ್ಕದ್ದು ನನಗೆ ಸಿಕ್ಕಿತು.

ನಮ್ಮದು ಎಟಿಆರ್ ಎಂಬ ಫ್ಯಾನಿನ ವಿಮಾನ. ದೊಡ್ಡ ಜೆಟ್ ವಿಮಾನಗಳಲ್ಲಿ ರೆಕ್ಕೆ ಕಿಟಕಿಯ ಕೆಳಗೆ ಇರುವುದರಿಂದ ಮಧ್ಯದಲ್ಲಿ ಕೂತವರಿಗೆ ಬರೀ ರೆಕ್ಕೆಯ ದರ್ಶನ. ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಯಲ್ಲಿ ನೋಟ ನೀರಿನ ಹಾಗೆ ಅಲುಗುತ್ತದೆ. ಅವುಗಳಲ್ಲಿ ಮುಂದಿನ ಸಾಲೇ ಲೇಸು. ಎಟಿಆರ್‌ನ ರೆಕ್ಕೆ ತಲೆಯ ಮೇಲಿದೆ, ಕೊಡೆಯ ಕೆಳಗೆ ಕೂತ ಹಾಗೆ. ಜೆಟ್‌ನಷ್ಟು ಎತ್ತರಕ್ಕೂ ಹೋಗುವುದಿಲ್ಲ. ಕೆರೆ ಏರಿ, ತೆಂಗಿನ ತೋಟದ ಸಾಲು, ರಸ್ತೆಯ ಮೇಲಿನ ಬಸ್ಸು ಸಹ ಗುರುತು ಸಿಗುತ್ತದೆ.

ಬಿಸಿಲಿನ ಕಡೆಗೂ ಒಂದು ಲಾಭವಿದೆ, ಅದು ನನಗೆ ಮೇಲೆ ಹೋದ ಮೇಲೇ ಗೊತ್ತಾಯಿತು. ಕೆರೆಗಳು ಒಂದಾದ ಮೇಲೊಂದು ಕನ್ನಡಿ ತಿರುಗಿಸಿದ ಹಾಗೆ ಫಳ್ ಅಂತ ಹೊಳೆದು ಆರುತ್ತವೆ. ಬಲಗಡೆಯ ಎಫ್ ಸೀಟಿನವರು ಮಾತ್ರ ಕಿಟಕಿಯ ಮುಚ್ಚಳ ಎಳೆದು ಗೊರಕೆ ಹೊಡೆದರು. ಕೋಡಿ ಬಿದ್ದ ವಾಣಿವಿಲಾಸ ಸಾಗರ ಪಕ್ಕದಲ್ಲೇ ಇತ್ತು, ಪುಣ್ಯಾತ್ಮರು!

ಇಳಿಯುವ ಹೊತ್ತಿಗೆ ವಿಮಾನ ಎಡಕ್ಕೆ ವಾಲಿತು. ಹೀಗೆ ವಾಲಿದಾಗ ಒಳಮೈ ಕಡೆಯವರಿಗೆ ಪೂರ್ತಿ ನೆಲ, ಹೊರಮೈಯವರಿಗೆ ಬರೀ ಆಕಾಶ. ನಮ್ಮ ಕಿಟಕಿಯಲ್ಲಿ ನೀರೇ ನೀರು ಎದ್ದು ನಿಂತಿತು. ಅದರೊಳಗೆ ಕಾಡು ಹೊತ್ತ ನಡುಗಡ್ಡೆಗಳು. ಅವೆಲ್ಲ ಹಿಂದೆ ಗುಡ್ಡದ ನೆತ್ತಿಗಳು. ಅಜ್ಜಿ ಗಾಜಿಗೆ ಹಣೆ ಒತ್ತಿ ಬೆರಳಿನಲ್ಲಿ ಎಣಿಸಿದರು. ‘ಅದು ನಮ್ಮ ದನ ಮೇಯೋ ಗುಡ್ಡ... ಅಲ್ಲ, ಅದರಾಚೇದು.’ ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಮಗಾ, ನಮ್ಮನೆ ಯಾವ ಕಡೆಗಿತ್ತು?’ ಅಂತ ನನ್ನನ್ನೇ ಕೇಳಿದರು. ನಾನು ಆ ಊರನ್ನು ಕಂಡವನೇ? ಕಥೆಯಲ್ಲಿ ಕೇಳಿದ್ದು ನೆನಪು ಮಾಡಿಕೊಂಡು, ‘ಗುಡ್ಡದ ಮೂಡಲಿಗೆ ಅಂತಿದ್ರಲ್ಲ’ ಅಂದೆ. ‘ಹೌದು, ಮೂಡಲಿಗೆ’ ಎಂದು ಮತ್ತೆ ಕಿಟಕಿಗೆ ತಿರುಗಿದರು. ಅಷ್ಟರಲ್ಲಿ ವಿಮಾನ ನೆಟ್ಟಗಾಯಿತು, ಅಡಿಕೆ ತೋಟ ಬಂತು. ಎಲ್ಲಾ ಸೇರಿ ಎರಡು ಮೂರು ನಿಮಿಷ.

ಈಗ ಎಡಗಣ್ಣಿನ ಪೊರೆ ಬಾಕಿ ಇದೆ. ಡಾಕ್ಟರು ಬೇಗ ಬನ್ನಿ ಅಂದಿದ್ದಾರೆ. ಅಜ್ಜಿ ಏಪ್ರಿಲ್ ಕಳೆಯಲಿ ಅಂತ ಹಟ ಹಿಡಿದಿದ್ದಾರೆ: ‘ಬೇಸಿಗೇಲಿ ನೀರು ಇಳೀತದೆ, ಗುಡ್ಡ ಇನ್ನಷ್ಟು ಮೇಲೆ ಬರ್ತದೆ.’ ಹೋಗುವಾಗ ಭದ್ರಾ ಬಲಗಡೆಗೆ ಬರುತ್ತದೆ, ಆಗ ಎಫ್ ಸೀಟು, ಬರುವಾಗ ಎ. ಇದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಕನ್ನಡಕದ ಡಬ್ಬಿಯೊಳಗೆ ಮಡಿಸಿ ಇಟ್ಟಿದ್ದಾರೆ.