ಮಗನ ಮನೆ ಗ್ಯಾರೇಜಿನಲ್ಲಿ ಮೂರು ದಿನ

ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರು ಅಲ್ಲಿನ ಜಲಪಾತ, ಅಂಗಡಿಬೀದಿ, ದೇವಸ್ಥಾನಗಳ ವಿಷಯ ಹೇಳುವುದು ವಾಡಿಕೆ. 2023ರ ಸೆಪ್ಟೆಂಬರಿನಲ್ಲಿ ಹೋಗಿ ಐದು ತಿಂಗಳಿದ್ದು ಬಂದ ನಾನು ಜಲಪಾತ ನೋಡಲಿಲ್ಲ. ಆದರೆ ಒಂದು ಭಾರೀ ಟ್ರಕ್ಕಿನ ಮುಂದಿನ ಚಕ್ರ ಕಳಚಿ, ಅದರ ಬಾಲ್ ಜಾಯಿಂಟ್ ಬದಲಾಯಿಸುವುದನ್ನು ಮೊದಲಿನಿಂದ ಕೊನೆತನಕ ಪಕ್ಕದಲ್ಲೇ ನಿಂತು ನೋಡಿದೆ. "ಅಯ್ಯೋ, ಗಂಡಸರ ರಿಪೇರಿ ಕೆಲಸ ನಮಗ್ಯಾಕೆ?" ಅಂತ ಪುಟ ಮಗುಚಬೇಡಿ. ಆ ಗಾಡಿಯಲ್ಲಿ ಓಡಾಡುತ್ತಿದ್ದವಳು ನಮ್ಮ ಸೊಸೆ.

ಮಗ-ಸೊಸೆ ಇರುವುದು ಕೊಲೊರಾಡೊ ರಾಜ್ಯದಲ್ಲಿ. ಡೆನ್ವರ್ ಪಟ್ಟಣವೇ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರ. ಇವರ ಮನೆ ಅದಕ್ಕೂ ಮೇಲೆ, ಬೆಟ್ಟದ ಸೆರಗಿನಲ್ಲಿ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ವಾರಕ್ಕೆ ಮೂರು ರಾತ್ರಿ, ಒಂದೊಂದು ಪಾಳಿ ಹನ್ನೆರಡು ಗಂಟೆ. ಹಿಮ ಬಿದ್ದ ರಾತ್ರಿ ಇಳಿಜಾರಿನ ರಸ್ತೆಯಲ್ಲಿ ಹೋಗಿಬರಬೇಕು. ಅದಕ್ಕೇ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಹಳೆಯ ಡೀಸೆಲ್ ಟ್ರಕ್ಕೊಂದನ್ನು ಕೊಂಡಿದ್ದರು. ಅಲ್ಲಿಯವರು ಅದನ್ನು 'ಮುಕ್ಕಾಲು ಟನ್ನಿನ ಟ್ರಕ್ಕು' ಅನ್ನುತ್ತಾರೆ. ಅದು ಹಳೇ ಕಾಲದ ಲೆಕ್ಕ. ಗಾಡಿಯ ತೂಕವೇ ಮೂರು ಟನ್ನಿನ ಹತ್ತಿರ. ಒಂದೊಂದು ಚಕ್ರಕ್ಕೆ ಎಂಟೆಂಟು ನಟ್ಟು!

ಆ ವರ್ಷ ಕಂಪ್ಯೂಟರ್ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸಿದ್ದವು. ಜೂನ್ ತಿಂಗಳಲ್ಲಿ ನಮ್ಮ ಮಗನ ಕೆಲಸವೂ ಹೋಗಿತ್ತು. ಗ್ರೀನ್ ಕಾರ್ಡ್ ಇದ್ದುದರಿಂದ ದೇಶ ಬಿಡುವ ಭಯವಿರಲಿಲ್ಲ. ಆದರೆ ಮನೆ ಸಾಲದ ಕಂತು ಸುಮ್ಮನಿರುತ್ತದೆಯೇ? ಸೊಸೆಯ ಸಂಬಳದಲ್ಲೇ ಎಲ್ಲ ನಡೆಯಬೇಕು. ಮಗನಿಗೆ ಮಾತೇ ನಿಂತುಹೋಗಿತ್ತು. ಊಟಕ್ಕೆ ಕರೆದರೆ ಬರುವನು, ತಟ್ಟೆ ತೊಳೆದಿಟ್ಟು ಮತ್ತೆ ಕೋಣೆ ಸೇರುವನು. ಏನು ಕೇಳಿದರೂ "ಹೂಂ ಅಮ್ಮಾ" ಅಷ್ಟೇ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಸೊಸೆ ಕೆಲಸದಿಂದ ಬಂದವಳೇ, "ರೀ, ತಿರುವಿನಲ್ಲಿ ಮುಂದಿನ ಚಕ್ರದ ಹತ್ರ ಕಟಕಟ ಅಂತಿದೆ. ಸ್ಟೀರಿಂಗ್ ಒಂದು ಕಡೆ ನಿಲ್ಲಲ್ಲ" ಅಂದಳು. ಮಗ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಸ್ವಲ್ಪ ಎತ್ತಿ, ಮೇಲೂ ಕೆಳಗೂ ಕೈಯಿಟ್ಟು ಅಲ್ಲಾಡಿಸಿದ. ಅಷ್ಟು ದೊಡ್ಡ ಚಕ್ರ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಬಾಲ್ ಜಾಯಿಂಟ್ ಸವೆದಿದೆ ಅಂದ.

ಬಾಲ್ ಜಾಯಿಂಟ್ ಅಂದರೇನು? ನಮ್ಮ ಒರಳುಕಲ್ಲನ್ನು ನೆನೆಸಿಕೊಳ್ಳಿ. ಗುಳಿಯೊಳಗೆ ಗುಂಡು ಕೂತು ಎಲ್ಲ ಕಡೆಗೂ ತಿರುಗುತ್ತದಲ್ಲ, ಹಾಗೇ ಉಕ್ಕಿನ ಗುಳಿಯೊಳಗೆ ಉಕ್ಕಿನ ಗುಂಡು. ಈ ಟ್ರಕ್ಕಿನ ಮುಂದಿನ ಚಕ್ರಗಳು ಎಡಕ್ಕೆ ಬಲಕ್ಕೆ ತಿರುಗುವುದು ಇದರ ಆಧಾರದ ಮೇಲೆ. ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು, ಒಟ್ಟು ನಾಲ್ಕು. ಒಳಗೆ ಗ್ರೀಸು, ಬಾಯಿಗೆ ರಬ್ಬರಿನ ಮುಸುಕು. ಉಪ್ಪಿನಕಾಯಿ ಭರಣಿಯ ಬಟ್ಟೆ ಹರಿದರೆ ಏನಾಗುತ್ತದೆಂದು ನಮಗೆ ಗೊತ್ತಲ್ಲ? ಇಲ್ಲಿಯೂ ಅದೇ. ಮುಸುಕು ಹರಿದರೆ ನೀರು, ಮರಳು ಒಳಗೆ ಸೇರಿ ಗುಂಡು ಸವೆಯುತ್ತದೆ. ಸಾಲದ್ದಕ್ಕೆ ಕೊಲೊರಾಡೊದಲ್ಲಿ ಹಿಮ ಕರಗಲೆಂದು ರಸ್ತೆಗೆ ಮೆಗ್ನೀಷಿಯಂ ಕ್ಲೋರೈಡ್ ಎಂಬ ಲವಣದ ನೀರು ಎರಚುತ್ತಾರೆ. ಆ ನೀರು ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಗುಂಡು ಪೂರಾ ಸವೆದು ಗುಳಿಯಿಂದ ಕಳಚಿದರೆ, ಓಡುತ್ತಿರುವ ಗಾಡಿಯ ಚಕ್ರವೇ ಮಡಿಚಿಕೊಂಡುಬಿಡುತ್ತದೆ. ಇದನ್ನು ಕೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ವರ್ಕ್‌ಶಾಪಿನವರು ಕೇಳಿದ್ದು ಸಾವಿರದ ಎಂಟುನೂರು ಡಾಲರು. ಸಾಮಾನು ಮಾತ್ರ ತಂದರೆ ಮುನ್ನೂರ ಚಿಲ್ಲರೆ. ಮಗ ಬಹಳ ಹೊತ್ತು ಲೆಕ್ಕ ನೋಡಿ, "ನಾನೇ ಮಾಡ್ತೀನಿ" ಅಂದ. ಸೊಸೆಯ ಮುಖ ನೋಡಿದೆ. ಅವಳು "ಮಾಡಿ. ನಂಗೆ ನಾಲ್ಕು ದಿನ ರಜೆ ಇದೆ" ಅಂದಳು, ಅಷ್ಟೆ. ಬೇರೆ ಏನೂ ಹೇಳಲಿಲ್ಲ.

ಅಲ್ಲೊಂದು ಒಳ್ಳೆಯ ಪದ್ಧತಿಯಿದೆ. ಬಿಡಿಭಾಗದ ಎಷ್ಟೋ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ದೊಡ್ಡ ಸಾಧನಗಳನ್ನು ಎರವಲು ಕೊಡುತ್ತಾರೆ; ಹಿಂದಿರುಗಿಸಿದರೆ ಠೇವಣಿ ವಾಪಸು. ಬಾಲ್ ಜಾಯಿಂಟನ್ನು ಒತ್ತಿ ತೆಗೆಯುವ ಪ್ರೆಸ್ಸನ್ನು ಹಾಗೇ ತಂದರು. ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂಭಾಗ ಎತ್ತಿ, ಭಾರವನ್ನು ಗಟ್ಟಿ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿದ. "ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬಾರದಮ್ಮಾ" ಅಂತ ನನಗೂ ಹೇಳಿದ. ಅವನಾಗಿ ಆಡಿದ ಮೊದಲ ಉದ್ದದ ಮಾತು ಅದು!

ಚಕ್ರ ಬಿಚ್ಚಿದ ಮೇಲೆ ಬ್ರೇಕಿನ ಭಾಗ ಬಂತು. ಅದನ್ನು ಅದರ ರಬ್ಬರ್ ಕೊಳವೆಯ ಮೇಲೆ ಜೋತಾಡಲು ಬಿಡದೆ ತಂತಿಯಿಂದ ಮೇಲೆ ಕಟ್ಟಿದರು. ಆಮೇಲೆ ಡಿಸ್ಕು, ಬೇರಿಂಗು, ಒಳಗಿನ ಉದ್ದನೆಯ ಆಕ್ಸಲ್. ಕೊನೆಗೆ ಉಳಿದದ್ದು ಬಾಲ್ ಜಾಯಿಂಟುಗಳು ಕೂತಿರುವ ದಪ್ಪ ಉಕ್ಕಿನ ಗೆಣ್ಣು. ನನ್ನ ಪಾಲಿಗೆ ಬಂದ ಕೆಲಸ ನಟ್ಟು-ಬೋಲ್ಟಿನದು. ಹಳೆಯದೊಂದು ಒಗ್ಗರಣೆ ಡಬ್ಬಿ ತಂದು, ಬಿಚ್ಚಿದ ಕ್ರಮದಲ್ಲೇ ಒಂದೊಂದು ಬಟ್ಟಲಿಗೆ ಹಾಕಿ ಚೀಟಿ ಅಂಟಿಸಿದೆ. ಸಾಸಿವೆ ಇದ್ದಲ್ಲಿ ಬ್ರೇಕಿನ ಬೋಲ್ಟು, ಜೀರಿಗೆ ಇದ್ದಲ್ಲಿ ಬೇರಿಂಗಿನ ನಟ್ಟು!

ತೊಂದರೆ ಶುರುವಾದದ್ದು ಕೆಳಗಿನ ಜಾಯಿಂಟಿನಲ್ಲಿ. ತುಕ್ಕು ಹಿಡಿದು ಗೆಣ್ಣಿಗೇ ಬೆಸೆದ ಹಾಗಿತ್ತು. ಪ್ರೆಸ್ಸಿನ ತಿರುಪನ್ನು ಗಂಡ-ಹೆಂಡತಿ ಇಬ್ಬರೂ ಸೇರಿ ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಸಂಜೆಯಾಯಿತು. ಮಗ ಸುತ್ತಿಗೆ ನೆಲಕ್ಕೆ ಹಾಕಿ, "ನನ್ನ ಕೈಲಿ ಯಾವುದೂ ಆಗಲ್ಲ" ಅಂದ. ಅವನು ಹೇಳಿದ್ದು ಜಾಯಿಂಟಿನ ಮಾತಲ್ಲ ಅಂತ ನಮ್ಮಿಬ್ಬರಿಗೂ ತಿಳಿಯಿತು. ಸೊಸೆ ಅವನಿಗೆ ಸಮಾಧಾನ ಹೇಳಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಸುತ್ತಲೂ ಸಿಂಪಡಿಸಿ, "ಇವತ್ತು ನೆನೀಲಿ. ಉದ್ದಿನಬೇಳೆಗಾದ್ರೂ ನೆನೆಯೋಕೆ ಟೈಮ್ ಬೇಕು" ಅಂದಳು. ಅವನು ಸುತ್ತಿಗೆ ಎತ್ತಿಟ್ಟು ಒಳಗೆ ಬಂದ.

ರಾತ್ರಿ ಊಟದ ಹೊತ್ತಿಗೆ ನಾನು, "ಒಂದರೊಳಗೊಂದು ಲೋಟ ಸಿಕ್ಕಿಕೊಂಡರೆ ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನ ಬಿಸಿನೀರಲ್ಲಿ ಇಡ್ತೀವಲ್ಲೋ" ಅಂದೆ. ಮಗ ನಕ್ಕ. "ಮೆಕ್ಯಾನಿಕ್ಕುಗಳು ಮಾಡೋದೂ ಅದೇ ಅಮ್ಮಾ" ಅಂತ ಎದ್ದು ಹೋಗಿ, ಹೊಸ ಜಾಯಿಂಟುಗಳನ್ನು ತಂದು ಫ್ರೀಜರಿನಲ್ಲಿ ಕಾಯಿತುರಿಯ ಪೊಟ್ಟಣದ ಪಕ್ಕದಲ್ಲಿಟ್ಟ. ತಣ್ಣಗಾದ ಲೋಹ ಕೂದಲೆಳೆಯಷ್ಟು ಕುಗ್ಗುತ್ತದೆ, ಕೂರಿಸುವುದು ಸುಲಭ.

ಮರುದಿನ ಗೆಣ್ಣಿನ ಹೊರ ಬಳೆಗೆ ಗ್ಯಾಸಿನ ಉರಿ ಹಿಡಿದು ಬಿಸಿ ಮಾಡಿ, ಪ್ರೆಸ್ ಬಿಗಿದು, ಪಕ್ಕದಲ್ಲಿ ಸುತ್ತಿಗೆಯಿಂದ ಒಂದು ಏಟು ಕೊಟ್ಟ. ಪಟಾಕಿ ಹೊಡೆದ ಹಾಗೆ 'ಢಬ್' ಅಂತ ಜಾಯಿಂಟು ಹೊರಬಂತು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು!

ಹೊಸದನ್ನು ಓರೆಯಾಗದಂತೆ ಒತ್ತಿ ಕೂರಿಸಿದ ಮೇಲೆ ನಟ್ಟು ಬಿಗಿಯಲೂ ಒಂದು ಕ್ರಮವಿದೆ. ಮೊದಲು ಕೆಳಗಿನದನ್ನು ಸ್ವಲ್ಪ, ಆಮೇಲೆ ಮೇಲಿನದನ್ನು ಪೂರ್ತಿ, ಕೊನೆಗೆ ಕೆಳಗಿನದನ್ನು ಪೂರ್ತಿ. ಎಷ್ಟು ಬಿಗಿ ಅನ್ನುವುದನ್ನು ಪುಸ್ತಕ ನೋಡಿ, ಅಳತೆಗೆ ಬಂದಾಗ 'ಟಕ್' ಅನ್ನುವ ಟಾರ್ಕ್ ರೆಂಚಿನಿಂದಲೇ ತಿರುಗಿಸಬೇಕು. ಮೇಲಿನ ನಟ್ಟಿಗೆ ಅಡ್ಡ ಪಿನ್ನು ಹಾಕುವ ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಎರಡನೇ ಚಕ್ರ ಮೂರನೇ ದಿನ ಮಧ್ಯಾಹ್ನದೊಳಗೆ ಮುಗಿಯಿತು. ಒಗ್ಗರಣೆ ಡಬ್ಬಿಯಲ್ಲಿ ಒಂದು ನಟ್ಟೂ ಉಳಿಯಲಿಲ್ಲ. ಚಕ್ರದ ಅಲೈನ್‌ಮೆಂಟನ್ನು ಮಾತ್ರ ಹೊರಗೆ ಕೊಟ್ಟು ಮಾಡಿಸಿದರು.

ಮಗನಿಗೆ ಕೆಲಸ ಸಿಕ್ಕಿದ್ದು ಫೆಬ್ರುವರಿಯಲ್ಲಿ, ನಾನು ಹೊರಡುವ ವಾರ. ಅಲ್ಲಿಯವರೆಗೆ ಚಳಿಗಾಲ ಪೂರ್ತಿ ಸೊಸೆ ಅದೇ ಟ್ರಕ್ಕಿನಲ್ಲಿ ಹೋಗಿಬಂದಳು. ಅವಳು ಹೊರಡುವ ಮುಂಚೆ ಮಗ ಟಾರ್ಚು ಹಿಡಿದು ಚಕ್ರದ ಬಳಿ ಒಮ್ಮೆ ಬಗ್ಗಿ ನೋಡುವನು. ಬೆಳಗಿನ ಜಾವ ಗ್ಯಾರೇಜಿನ ಬಾಗಿಲ ಸದ್ದು ಕೇಳಿದ ಮೇಲೆ ನಾನು ಕಾಫಿಗೆ ನೀರಿಡುವೆ.

ನಿಮ್ಮ ಮನೆಯ ಕಾರಿನಲ್ಲಿ ಹಳ್ಳ ಇಳಿದಾಗ ಮುಂಭಾಗದಲ್ಲಿ ಕಟಕಟ ಸದ್ದು ಬಂದರೆ, ಸ್ಟೀರಿಂಗ್ ಒಂದೇ ಕಡೆಗೆ ಎಳೆದರೆ, ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ, ಸುಮ್ಮನಿರಬೇಡಿ. ಓಡಿಸಲು ಬಾರದಿದ್ದರೂ ಕಿವಿ, ಕಣ್ಣು ನಮಗೂ ಇವೆ. ಗಾಡಿಯನ್ನು ತೋರಿಸಿ ಅಂತ ಹೇಳಿ, ತೋರಿಸುವ ತನಕ ಬಿಡಬೇಡಿ.

ಇನ್ನು, ಗ್ರೀಸ್ ಮೆತ್ತಿದ ಕೈಗೆ ಮೊದಲೇ ನೀರು ತಾಗಿಸಬಾರದು. ಒಂದು ಚಮಚ ಅಡುಗೆ ಎಣ್ಣೆ ಹಚ್ಚಿ, ಮೇಲೆ ಒಂದು ಚಮಚ ಸಕ್ಕರೆ ಹಾಕಿ ಚೆನ್ನಾಗಿ ಉಜ್ಜಿ, ಆಮೇಲೆ ಸೋಪಿನಿಂದ ತೊಳೆಯಿರಿ. ಆ ಮೂರು ದಿನ ನಮ್ಮ ಮೂವರ ಕೈಯೂ ಹೀಗೇ ಬೆಳ್ಳಗಾದದ್ದು.